ಕೆಳಗ ನಾ ಅದೀನಿ

ನನ್ನ ಮುಖ ನೋಡಿದರೆ ರಿಟೈರ್ ಆದವನು ಅನ್ನಿಸುವುದಿಲ್ಲ. ಗಡ್ಡದಲ್ಲಿ ಒಂದು ಬಿಳಿ ಕೂದಲಿಲ್ಲ. ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಏಣಿ ಹತ್ತಲಾಗದವನನ್ನು ಇಟ್ಟುಕೊಂಡು ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನಿನ ಕಂಪನಿ ಏನು ಮಾಡೀತು? ಮನೆಗೆ ಕಳಿಸಿತು. ಅವತ್ತಿನಿಂದ ರೋಣದಲ್ಲಿ ನಮ್ಮ ಓಣಿಯ ಮಂದಿ ನನ್ನನ್ನು ‘ರಿಟೈರ್ಡ್ ಸಾಹೇಬ್ರು’ ಅನ್ನುತ್ತಾರೆ. ಅನ್ನಲಿ.

ಗಜೇಂದ್ರಗಡದ ಗುಡ್ಡದ ಮೇಲೆ ಈಗ ಇನ್ನೂ ಎತ್ತರದ ಫ್ಯಾನುಗಳು ಏಳುತ್ತಿವೆ. ನಮ್ಮ ಕಡೆಯ ಹುಡುಗರು ಕೆಲಸಕ್ಕೆ ಸೇರುತ್ತಿದ್ದಾರೆ. ಸೇರುವ ಮೊದಲು ನನ್ನ ಹತ್ತಿರ ಬರುತ್ತಾರೆ. ಬೂಟು ಯಾವುದು ಚಲೋ, ಮೇಲೆ ಎಷ್ಟು ಅಲ್ಲಾಡುತ್ತದೆ ಅಂತ ಕೇಳುತ್ತಾರೆ. ಅದನ್ನೆಲ್ಲ ಕಂಪನಿ ಕಲಿಸುತ್ತದೆ. ಕಂಪನಿ ಕಲಿಸದ್ದು ಒಂದಿದೆ. ಏಣಿಯ ಮೇಲಿದ್ದವನ ಜೊತೆ ಕೆಳಗಿದ್ದವನು ಹೇಗೆ ಮಾತಾಡಬೇಕು ಅನ್ನುವುದು. ಅದನ್ನು ಬರೆಯುತ್ತೇನೆ. ನಾನು ಏಳನೇ ಕ್ಲಾಸು ಫೇಲು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ದೂರದಿಂದ ಫ್ಯಾನು ಬಿಳಿ ಕಡ್ಡಿಯಂತೆ ಕಾಣುತ್ತದೆ. ಒಳಗೆ ಹೋದರೆ ಅದು ಆಕಾಶದ ಕಡೆ ತೋಡಿದ ಬಾವಿ. ಸುತ್ತ ಉಕ್ಕಿನ ಗೋಡೆ, ಗೋಡೆಗೆ ಏಣಿ, ತುದಿಯಲ್ಲಿ ಯಂತ್ರ ಕೂತಿರುವ ದೊಡ್ಡ ಪೆಟ್ಟಿಗೆ. ನಡುನಡುವೆ ನಿಲ್ಲಲು ಕಬ್ಬಿಣದ ಕಟ್ಟೆಗಳು. ಬೆಲ್ಟಿನ ಕೊಂಡಿಯನ್ನು ಏಣಿಯ ತಂತಿಗೆ ಸಿಗಿಸಿಕೊಂಡು ಹತ್ತಬೇಕು. ಕೊಂಡಿ ಇದ್ದರೆ ಜೀವ ಇದೆ. ಆದರೆ ಪ್ರತಿ ಕಟ್ಟೆಯಲ್ಲೂ ಕೊಂಡಿ ಬಿಚ್ಚಿ ಮುಂದಿನ ತಂತಿಗೆ ಹಾಕಬೇಕು. ಹಾಕುವುದು ನಿಮ್ಮ ಕೈ. ತಲೆ ಎಲ್ಲೋ ಹೋಗಿದ್ದರೆ ಕೈ ಗಾಳಿಗೇ ಕೊಂಡಿ ಹಾಕುತ್ತದೆ. ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಸೇರಿದಾಗ ಕೆಳಗೆ ವೈರ್‌ಲೆಸ್ ಹಿಡಿದು ನಿಲ್ಲುತ್ತಿದ್ದವರು ಸಮುವೇಲಣ್ಣ. ಬೆಟಗೇರಿಯವರು, ನಮ್ಮ ಹಾಗೆ ಕ್ರೈಸ್ತರು. ಮೊಣಕಾಲು ಸವೆದು ಹತ್ತುವುದು ಬಿಟ್ಟಿದ್ದರು. ಯಾರಾದರೂ ಏಣಿಗೆ ಕೈ ಹಚ್ಚುವ ಮೊದಲು ಅವರು ಬಾಗಿಲ ಹತ್ತಿರ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಉಳಿದವರು ಏಣಿ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ವೈರ್‌ಲೆಸ್ಸಿನಲ್ಲಿ ಅವರ ಮೊದಲ ಮಾತು ದಿನಾ ಒಂದೇ. “ಏರು ತಮ್ಮಾ. ಕೆಳಗ ನಾ ಅದೀನಿ.”

ನಾನು ಮೊದಲ ಸಲ ಹತ್ತಿದ ದಿನ ಎರಡನೇ ಕಟ್ಟೆಗೆ ಬರುವಷ್ಟರಲ್ಲಿ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟವು. ಏಣಿ ತಬ್ಬಿಕೊಂಡು ನಿಂತೆ. ಅಂಜಿಕೆ ಬಂದರೆ ನನ್ನ ಬಾಯಿಗೆ ಬರುವುದು ಬೈಗುಳ. ಕಂಪನಿಗೆ, ಏಣಿ ಮಾಡಿದವನಿಗೆ, ಕೊನೆಗೆ ಸಮುವೇಲಣ್ಣನಿಗೂ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮುಗೀತೇನಪಾ?”

“ಇಲ್ರಿ.”

“ಹಂಗಾದ್ರ ಬೈಕೋತನಽ ಒಂದು ಕಾಲು ಇಳಿಸು. ಬಾಯಿ ತನ್ನ ಕೆಲಸ ಮಾಡ್ಲಿ, ಕಾಲು ತನ್ನ ಕೆಲಸ ಮಾಡ್ಲಿ.”

ಬೈಯುತ್ತಾ ಬೈಯುತ್ತಾ ಇಳಿದೆ. ನೆಲಕ್ಕೆ ಕಾಲಿಟ್ಟ ಕೂಡಲೇ ಅವರು ನನ್ನ ಕಿವಿ ಹಿಡಿದು ತಿರುವಿದರು. “ನಮ್ಮ ದೇವರ ಹೆಸರು ಹೇಳೋ ಬಾಯಾಗ ಇಂಥಾ ಮಾತೇನೋ? ನಿಮ್ಮವ್ವ ಕೇಳಿದ್ರ ಬಾವಿ ಬೀಳ್ತಾಳ.” ಮೇಲಿದ್ದಾಗ ಇದನ್ನು ಯಾಕೆ ಅನ್ನಲಿಲ್ಲ ಅಂತ ಕೇಳಿದೆ. “ಮ್ಯಾಲಿದ್ದವಂಗ ಬೈಬಾರದು. ಬೈಯೂದು ನೆಲದ ಮ್ಯಾಲೆ,” ಅಂದರು.

ಫ್ಯಾನಿನ ಕೆಲಸದಲ್ಲಿ ನಾನು ಕಲಿತ ಮೊದಲ ಕಾಯ್ದೆ ಇದು. ಕಂಪನಿಯ ಗೋಡೆಯ ಮೇಲೆ ಅಂಟಿಸಿದ ಕಾಯ್ದೆಗಳಲ್ಲಿ ಇದು ಇರಲಿಲ್ಲ.

ಅದನ್ನು ಮುರಿದರೆ ಏನಾಗುತ್ತದೆ ಅನ್ನುವುದನ್ನು ಒಬ್ಬ ಸಾಹೇಬರು ತೋರಿಸಿದರು. ಕಲಿತ ಮನುಷ್ಯ, ಕೆಟ್ಟವನಲ್ಲ. ಆದರೆ ಫ್ಯಾನು ನಿಂತರೆ ಅವರಿಗೆ ಕಂಪನಿಯ ದೊಡ್ಡವರಿಂದ ಫೋನಿನ ಮೇಲೆ ಫೋನು. ಅವತ್ತು ಶಿರೋಳದ ಒಬ್ಬ ಹೊಸಬ ಮೇಲೆ ತಪ್ಪು ನಟ್ಟು ಬಿಚ್ಚಿದ. ಸಾಹೇಬರು ಸಮುವೇಲಣ್ಣನ ಕೈಯಿಂದ ವೈರ್‌ಲೆಸ್ ಕಸಿದುಕೊಂಡು ಕತ್ತೆ, ನಾಯಿ ಅಂತ ಶುರು ಮಾಡಿದರು. ಮೇಲಿಂದ ಉತ್ತರ ಬರುವುದೇ ನಿಂತುಹೋಯಿತು. ಇಳಿಯುವಾಗ ಆ ಶಿರೋಳದವನು ನಡು ಏಣಿಯಲ್ಲಿ ಕಣ್ಣು ಮುಚ್ಚಿ ಜೋತುಬಿದ್ದ. ಮೇಲೂ ಹೋಗಲೊಲ್ಲ, ಕೆಳಗೂ ಬರಲೊಲ್ಲ. ಸಮುವೇಲಣ್ಣ ಸವೆದ ಮೊಣಕಾಲು ತೆಗೆದುಕೊಂಡು ತಾವೇ ಹತ್ತಿದರು. ಅವನ ಕಾಲು ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡುತ್ತಾ, ಅವನ ಊರಿನ ಸುದ್ದಿ, ಅವರ ಮನೆಯ ಎಮ್ಮೆಯ ಸುದ್ದಿ ಕೇಳುತ್ತಾ ಇಳಿಸಿಕೊಂಡು ಬಂದರು. ಸಾಹೇಬರು ಇನ್ನೂ ಬಾಯಿ ತೆರೆಯುತ್ತಿದ್ದರು. ಸಮುವೇಲಣ್ಣ ಅಡ್ಡ ನಿಂತು ಹೇಳಿದರು: “ಸಾಹೇಬ್ರ, ಬೈಯೂದು ಉಳದಿದ್ರ ನನಗ ಬೈರಿ. ನಾ ನೆಲದ ಮ್ಯಾಲದೀನಿ, ಬೀಳೂದಿಲ್ಲ.”

ಶಿರೋಳದವನು ಮರುದಿನ ಬರಲಿಲ್ಲ. ಮತ್ತೆ ಎಂದೂ ಬರಲಿಲ್ಲ.

ನನ್ನ ಜೋಡಿ ಕೆಲಸಕ್ಕೆ ಸೇರಿದವನು ಈರಪ್ಪ. ಗಜೇಂದ್ರಗಡದ ನೇಕಾರರ ಮನೆಯವನು. ತಾಯಿ ಇವತ್ತಿಗೂ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಇವನಿಗೆ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು ಬೇಜಾರು. “ನಮ್ಮಪ್ಪ ತೆಗ್ಗಿನ್ಯಾಗ ಕುಂತು ಸತ್ತ, ನಾ ಮ್ಯಾಲೆ ನಿಂತು ಸಾಯ್ತೀನಿ,” ಅನ್ನುತ್ತಿದ್ದ. ನನ್ನ ಹೆಸರು ದಾವೀದ. ಅವನ ಬಾಯಲ್ಲಿ ದಾವ್ಯಾ. ನಾವಿಬ್ಬರೂ ನೆಟ್ಟಗೆ ಒಂದು ಮಾತು ಆಡಿದವರಲ್ಲ. ಅವನು ನನ್ನ ಹೊಟ್ಟೆಯ ಬಗ್ಗೆ ಆಡಿಕೊಂಡರೆ ನಾನು ಅವನ ಮೂಗಿನ ಬಗ್ಗೆ ಆಡಿಕೊಳ್ಳುತ್ತಿದ್ದೆ. “ನಿಮ್ಮ ದೇವರು ಮ್ಯಾಲದಾನ, ಸಮುವೇಲಣ್ಣ ಕೆಳಗದಾನ, ನಡುವ ನಿನ್ನಂಥಾ ಹೊಲಸು ಬಾಯಿ ಹ್ಯಾಂಗ ಬಂತಲೇ?” ಅಂತ ಎಲ್ಲರೆದುರು ಕೇಳುತ್ತಿದ್ದ. ಸಮುವೇಲಣ್ಣನೂ ನಗುತ್ತಿದ್ದರು.

ಸಮುವೇಲಣ್ಣನಿಗೆ ಹುಷಾರಿಲ್ಲದಾದಾಗ ವೈರ್‌ಲೆಸ್ ನನ್ನ ಕೈಗೆ ಬಂತು. ನನಗೆ ಅಂಜಿಕೆಯಾಯಿತು. ಅವರ ಮನೆಗೆ ಹೋಗಿ ಕೇಳಿದೆ. “ಅಣ್ಣಾ, ನನಗ ಸಿಹಿ ಮಾತು ಬರೂದಿಲ್ಲ. ನಿಮ್ಮಂಗ ಹ್ಯಾಂಗ ಮಾತಾಡ್ಲಿ?”

ಮಂಚದ ಮೇಲೆ ದಿಂಬಿಗೆ ಒರಗಿದ್ದರು. “ಸಿಹಿ ಯಾರಿಗೆ ಬೇಕೋ? ಸಿಹಿ ಹಿಡಿದ್ರ ಕೈ ಅಂಟ್ತಾವ. ಏಣಿ ಮ್ಯಾಲಿದ್ದವಂಗ ಹಿಡಿಯಾಕ ಬರೋವಂಥಾ ಮಾತು ಕೊಡು. ಅಂವ ಎಲ್ಲಿ ನಿಂತಾನ ಅದನ್ನ ನೋಡಿ ಕೊಡು.”

“ಸುಳ್ಳು ಹೇಳಬಹುದೇನ್ರಿ?”

“ಬ್ಯಾಡ. ಸುಳ್ಳು ಮೆಟ್ಟಿಲ ಮ್ಯಾಲೆ ಕಾಲಿಟ್ರ ಮುರೀತೈತಿ.”

“ಖರೇ ಹೇಳಿದ್ರ?”

ದಿಂಬಿನಿಂದ ತುಸು ಎದ್ದು ಕೂತರು. “ಖರೇ ಭಾಳ ವಜ್ಜಿ ಇರ್ತೈತಿ ತಮ್ಮಾ. ಅದನ್ನ ನೆಲದ ಮ್ಯಾಲೆ ಕೊಡಬೇಕು. ಎರಡೂ ಕೈಯಿಂದ ಹಿಡಕೊಳ್ಳಾಕ ಬೇಕಾಗ್ತೈತಿ.”

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಬೆಟಗೇರಿಯಲ್ಲಿ ಮಣ್ಣು ಮಾಡಿದೆವು. ಪೆಟ್ಟಿಗೆ ಇಳಿಸಲು ಹಗ್ಗ ಹಿಡಿದವರು ನಾವೇ ಫ್ಯಾನಿನವರು. ಹಗ್ಗ ಬಿಡುವ ಕೆಲಸ ನಮಗೆ ಗೊತ್ತಿದ್ದದ್ದೇ. ಇಡೀ ಜೀವನ ಕೆಳಗೆ ನಿಂತು ಮಾತಾಡಿದವರನ್ನು ಇನ್ನೂ ಕೆಳಗೆ ಇಳಿಸಿದೆವು. ಈರಪ್ಪ ಒಂದು ಮುಷ್ಟಿ ಮಣ್ಣು ಹಾಕಿ, “ಮ್ಯಾಲೆ ನಾವದೀವಿ ಅಣ್ಣಾ,” ಅಂದ.

ಈಗ ನಾನು ಇದನ್ನೆಲ್ಲ ಯಾಕೆ ಬರೆಯಲು ಕೂತೆನೋ ಅಲ್ಲಿಗೆ ಬರುತ್ತೇನೆ.

ಈರಪ್ಪನಿಗೆ ಮದುವೆಯಾಗಿತ್ತು. ಹೆಂಡತಿ ಸುಮಿತ್ರಾ, ಹೊಳೆಆಲೂರಿನವಳು. ಚೊಚ್ಚಲ ಬಸುರಿ, ತವರಿಗೆ ಹೋಗಿದ್ದಳು. ದಿನ ತುಂಬಿದ್ದವು. ಅವತ್ತು ಬೆಳಿಗ್ಗೆ ಅವಳನ್ನು ರೋಣದ ದವಾಖಾನೆಗೆ ಕರೆತಂದಿದ್ದಾರೆ ಅಂತ ಸುದ್ದಿ ಬಂತು. ರಜೆ ಹಾಕು ಅಂದೆ. “ಗಂಡಸರದೇನು ಕೆಲಸಲೇ ಅಲ್ಲಿ? ಹೊರಗ ಕುಂತು ಬೀಡಿ ಸೇದೂದು. ಮಧ್ಯಾಹ್ನ ಇಳದು ಹೋಗ್ತೀನಿ,” ಅಂದ. ಏಣಿ ಹತ್ತುವವರು ಫೋನು ಒಯ್ಯುವಂತಿಲ್ಲ. ಅಷ್ಟು ಎತ್ತರದಿಂದ ಫೋನು ಜಾರಿದರೆ ಕೆಳಗಿದ್ದವನ ತಲೆ ಒಡೆಯುತ್ತದೆ. ಅವನ ಫೋನು ನನ್ನ ಅಂಗಿಯ ಕಿಸೆಯಲ್ಲಿತ್ತು.

ಬೆಳಿಗ್ಗೆಯಿಂದ ಅವನದು ಒಂದೇ ಜಪ. “ದಾವ್ಯಾ, ಫೋನ್ ಬಂತೇನಲೇ?”

“ಬಂದ್ರ ಹೇಳ್ತೀನಿ. ನಟ್ಟು ತಿರವು.”

“ಗಂಡು ಕೂಸಽ ನೋಡು.”

“ನಿನ್ನಂಥಾ ಗಂಡು ಇನ್ನೊಂದು ಬ್ಯಾಡೋ ಮಾರಾಯಾ, ಊರು ತಾಳೂದಿಲ್ಲ.”

ಮೇಲಿನ ಕೆಲಸ ಮುಗಿಯಿತು. ಅವನ ಜೋಡಿ ಹತ್ತಿದ್ದ ಹುಸೇನಸಾಬ ಮೊದಲು ಇಳಿದು ಬಂದ. ಸಾಮಾನು ಕಟ್ಟಿ ಕೊನೆಗೆ ಇಳಿಯುವವನು ಯಾವಾಗಲೂ ಈರಪ್ಪ. ನೇಕಾರರ ಕೈ, ಅವನು ಹಾಕಿದ ಗಂಟು ಬಿಚ್ಚುವುದಿಲ್ಲ. ಹುಸೇನಸಾಬ ನೀರು ಕುಡಿಯುತ್ತಿದ್ದಾಗ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಸುಮಿತ್ರಾಳ ಅಣ್ಣ.

“ಈರಪ್ಪ ಎಲ್ಲದಾನ್ರಿ?”

“ಮ್ಯಾಲದಾನ್ರಿ. ಏನ್ ಸುದ್ದಿ?”

“ಹೆಣ್ಣು ಹುಟ್ಟೈತ್ರಿ. ಕೂಸು ಚಲೋ ಐತಿ.” ಆಮೇಲೆ ಅಳುತ್ತಾ ಅಂದ. “ನಮ್ಮ ತಂಗಿ ಹೋದ್ಲ್ರಿ. ರಕ್ತ ನಿಲ್ಲಲಿಲ್ಲ. ಡಾಕ್ಟರು ಭಾಳ ಮಾಡಿದ್ರು... ಅವಂಗ ಈಗ ಹೇಳಬ್ಯಾಡ್ರಿ. ಸೀರಿಯಸ್ ಐತಿ ಅಂತ ಹೇಳಿ ಕರ್ಕೊಂಡ ಬರ್ರಿ.”

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೀಗೇ ಹೇಳುತ್ತಾರೆ. ಯಾರೂ ಸತ್ತರು ಅನ್ನುವುದಿಲ್ಲ, ಸೀರಿಯಸ್ ಅನ್ನುತ್ತಾರೆ. ಕೇಳುವವನಿಗೂ ಅದರ ಅರ್ಥ ಗೊತ್ತು. ಆ ಮಾತನ್ನು ಏಣಿಯ ಮೇಲಿದ್ದವನಿಗೆ ಹೇಳುವುದೂ ಒಂದೇ, ಅವನ ಕೊಂಡಿ ಬಿಚ್ಚಿ ಬಿಡುವುದೂ ಒಂದೇ. ಮೇಲೆ ಅವನೊಬ್ಬನೇ ಇದ್ದ. ಪ್ರತಿ ಕಟ್ಟೆಯಲ್ಲೂ ಅವನ ಕೈಯೇ ಕೊಂಡಿ ಬಿಚ್ಚಿ ಹಾಕಬೇಕು.

ಹುಸೇನಸಾಬ ನನ್ನ ಮುಖ ನೋಡಿಯೇ ತಿಳಿದುಕೊಂಡ. “ಯಾ ಅಲ್ಲಾ” ಅಂತ ಕೂತುಬಿಟ್ಟ. ಅವನ ಅಳು ವೈರ್‌ಲೆಸ್ಸಿನೊಳಗೆ ಹೋದೀತು ಅಂತ ನಾನು ಅವನನ್ನು ಎಬ್ಬಿಸಿ ದೂರ ಜೀಪಿನ ಹತ್ತಿರ ಕಳಿಸಿದೆ.

ವೈರ್‌ಲೆಸ್ ಗರಗರ ಅಂದಿತು. “ದಾವ್ಯಾ, ಇಳೀಲೇನು?”

ನಾನು ಗುಂಡಿ ಒತ್ತಿದೆ. ನನ್ನ ಬಾಯಿಂದ ಬಂದದ್ದು ಇದು: “ಬಾರಪಾ ಈರಪ್ಪಾ. ಸಾವಕಾಶ ಬಾ.”

ಆಮೇಲೆ ಸಣ್ಣ ದನಿ. “ಯಾಕಲೇ? ಬಾರಪಾ ಅಂತೀ? ಎಂದಿಲ್ಲದ್ದು ಪಾದ್ರಿಯಂಗ ಮಾತಾಡಾಕತ್ತಿ? ಏನಾತು?”

ಸಮುವೇಲಣ್ಣ ಹೇಳಿದ್ದು ಏನು ಅನ್ನುವುದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ನಾನು ಮೆತ್ತಗೆ ಮಾತಾಡಿದರೆ ಅವನು ಬೀಳುತ್ತಾನೆ. ಅವನು ಇಷ್ಟು ವರ್ಷ ಹಿಡಿದುಕೊಂಡದ್ದು ನನ್ನ ಕುಚೋದ್ಯವನ್ನು. ಅದನ್ನೇ ಕೊಡಬೇಕು. ಅಲ್ಲಿ ಅವನ ಹೆಂಡತಿಯ ಮೈ ಇನ್ನೂ ಆರಿರಲಿಲ್ಲ. ಇಲ್ಲಿ ನಾನು ಚೇಷ್ಟೆ ಮಾಡಬೇಕು.

ಗುಂಡಿ ಒತ್ತಿದೆ. “ಹೆಣ್ಣಲೇ ಮಗನ! ನಿನ್ನ ಮೂಗು ಬಂದಿತ್ತಂದ್ರ ಮುಗೀತು, ಲಗ್ನ ಆಗೂದು ಕಷ್ಟ.”

ಉಕ್ಕಿನ ಕೊಳವೆಯೊಳಗೆ ಅವನು ಹಾಕಿದ ಕೇಕೆ ವೈರ್‌ಲೆಸ್ ಇಲ್ಲದೆಯೂ ಕೇಳಿಸಿತು. ಗುಡ್ಡದ ಮೇಲಿನ ಕುರಿಗಳು ತಲೆ ಎತ್ತಿದವು.

“ಸುಮಿ ಗೆದ್ಲು ನೋಡು! ಹೆಣ್ಣಽ ಅಂತ ಪಂತ ಕಟ್ಟಿದ್ಲು. ಏನಂತಾಳಲೇ ಸುಮಿ?”

ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಲು ಬರಲಿಲ್ಲ. ಒತ್ತದಿದ್ದರೆ ಅವನಿಗೆ ತಿಳಿಯುತ್ತದೆ. ಕರ್ತನೇ ಅಂತ ಒಂದು ಸಲ ಒಳಗೇ ಕರೆದೆ. ಮುಂದೆ ಏನು ಬೇಡಬೇಕೋ ಗೊತ್ತಾಗಲಿಲ್ಲ. ಒತ್ತಿದೆ.

“ನಿನ್ನ ಹೆಂಡ್ತಿ ಏನಂತಾಳ ಅಂತ ನನ್ನ ಯಾಕ ಕೇಳ್ತೀಯಲೇ? ಇಳದು ಹೋಗಿ ನೀನಽ ಕೇಳು.”

ಅವನು ನಕ್ಕ. ಇಳಿಯಲು ಶುರು ಮಾಡಿದ.

“ಕೊಂಡಿ?”

“ಹಾಕೀನಿ. ದಾವ್ಯಾ, ನಮ್ಮವ್ವಗ ಫೋನ್ ಹಚ್ಚಿ ಹೇಳು.”

“ನೀನಽ ಹಚ್ಚು. ನಾ ಏನ್ ನಿಮ್ಮ ಮನಿ ಆಳೇನು?”

“ತೊಟ್ಟಲದಾಗ ಹಾಸಾಕ ಅಂತ ಕೆಂಪು ಅಂಚಿಂದು ಸಣ್ಣ ಬಟ್ಟಿ ನೇದಾಳಲೇ ನಮ್ಮವ್ವ. ನನಗ ತೋರಿಸೂದಿಲ್ಲ ಅಂತಾಳ, ಮುಚ್ಚಿಟ್ಟಾಳ.”

“ಕಟ್ಟಿ ಬಂತು. ಮಾತು ಕಡಿಮಿ ಮಾಡು. ಕೊಂಡಿ?”

“ಹಾಕಿದೆ. ಏನೋ ಭಾಳ ಕೊಂಡಿ ಕೊಂಡಿ ಅಂತೀ ಇವತ್ತು?”

“ಅಪ್ಪ ಆಗೀಯಲಾ, ಅದಕ್ಕ. ನಿನ್ನೆ ನೀ ಬಿದ್ದಿದ್ರ ಯಾರೂ ಕೇಳ್ತಿರಲಿಲ್ಲ.”

ಅವನು ಹಾಡುತ್ತಾ ಇಳಿದ. ಯಾವ ಹಾಡೂ ಅಲ್ಲ, ಸುಮ್ಮನೆ ರಾಗ. ಬೂಟಿನ ಸಪ್ಪಳ ಒಂದೊಂದೇ ಮೆಟ್ಟಿಲು ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ಮೇಲಿದ್ದವರು ಬೇಗ ಇಳಿಯಲಿ ಅಂತ ಬೇಡಿಕೊಂಡವನು ನಾನು. ಅವತ್ತು ಆ ಸಪ್ಪಳ ಹತ್ತಿರ ಬಂದಷ್ಟೂ ನಾನು ಬಾಗಿಲಿನಿಂದ ಹಿಂದೆ ಸರಿಯುತ್ತಿದ್ದೆ. ಕೊನೆಯ ಕಟ್ಟೆಯಿಂದ ಅವನೇ ಕೂಗಿದ. “ಕೆಳಗ ನೀ ಅದೀಯಲಾ?”

“ಅದೀನಿ,” ಅಂದೆ. ಅಷ್ಟೇ ಅಂದೆ.

ನೆಲಕ್ಕೆ ಎರಡೂ ಕಾಲು ಇಟ್ಟ. ಕೊಂಡಿ ಬಿಚ್ಚಿ ತೂಗುಹಾಕಿದ. ಮುಖದ ತುಂಬ ಗ್ರೀಸು, ಮುಖದ ತುಂಬ ನಗು. ಕೈ ಚಾಚಿ ಫೋನು ಕೇಳಿದ. ನಾನು ಫೋನು ಕೊಡದೆ ಅವನ ಎರಡೂ ಕೈ ಹಿಡಿದುಕೊಂಡೆ. ಸೀರಿಯಸ್ ಅನ್ನಲಿಲ್ಲ. ಮೊದಲ ಸಲ ಅವನ ಜೊತೆ ನೆಟ್ಟಗೆ ಮಾತಾಡಿದೆ.

“ಈರಪ್ಪಾ, ಸುಮಿತ್ರಾ ಇಲ್ಲಪಾ. ಕೂಸು ಐತಿ. ಆಕಿ ಇಲ್ಲ.”

ನಗು ಅವನ ಮುಖದಿಂದ ಕೂಡಲೇ ಹೋಗಲಿಲ್ಲ. ಮುಖಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ನನ್ನ ಎದೆಗೆ ಗುದ್ದಿದ. “ನಗಸಾಕತ್ತಿದ್ದಿಯಲ್ಲಲೇ! ಇಷ್ಟೊತ್ತನಕ ನನ್ನ ನಗಸಾಕತ್ತಿದ್ದಿ!” ಬಾಯಿಗೆ ಬಂದದ್ದೆಲ್ಲ ಬೈದ. ನನ್ನ ಜಾತಿಗೆ, ನನ್ನ ತಾಯಿಗೆ, ನನ್ನ ದೇವರಿಗೆ ಬೈದ. ನಾನು ಕೈ ಬಿಡಲಿಲ್ಲ. ಬೈಯಲಿ. ಅವನು ನೆಲದ ಮೇಲಿದ್ದ.

ಜೀಪಿನಲ್ಲಿ ರೋಣಕ್ಕೆ ಬಂದೆವು. ಸುಮಿತ್ರಾಳನ್ನು ಒಂದು ಕೋಣೆಯಲ್ಲಿ ಮಲಗಿಸಿದ್ದರು. ನಾನು ಬಾಗಿಲಲ್ಲಿ ನಿಂತೆ. ಅವನು ಹೋಗಿ ಅವಳ ಕಿವಿಯ ಹತ್ತಿರ ಬಾಗಿದ. ಗ್ರೀಸಿನ ಕೈ ಹತ್ತೀತು ಅಂತ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಸುಮೀ,” ಅಂದ. “ಏನಂತೀ?”

ಆ ಮಾತನ್ನು ಅವನಿಗೆ ಕೊಟ್ಟವನು ನಾನು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಆಮೇಲೆ ಅವನು ಫ್ಯಾನಿಗೆ ಬರಲಿಲ್ಲ. ಅವರ ಮನೆಗೆ ಹೋದರೆ ತಾಯಿ ಮಾತಾಡಿಸುತ್ತಿದ್ದಳು, ಅವನು ಎದ್ದು ಒಳಗೆ ಹೋಗುತ್ತಿದ್ದ. ನಾನೂ ಹೋಗುವುದು ಬಿಟ್ಟೆ. ಕೆಲಸ ಮುಂದುವರಿಯಿತು. ಹತ್ತುವ ಆಳು ಕಡಿಮೆ ಇದ್ದಾಗ ನಾನೂ ಹತ್ತುತ್ತಿದ್ದೆ. ಒಂದು ಸಲ ಮೇಲಿನಿಂದ ಜಾರಿದ ಕಬ್ಬಿಣದ ಸಾಮಾನು ನನ್ನ ಬಲಭುಜಕ್ಕೆ ಬಡಿಯಿತು. ಅದರ ಸುದ್ದಿ ಉದ್ದ ಮಾಡುವುದಿಲ್ಲ.

ಈಗ ಕೆಲಸದ ರೀತಿ ಬದಲಾಗಿದೆ. ಹೊಸ ಫ್ಯಾನುಗಳ ಒಳಗೆ ಲಿಫ್ಟ್ ಇದೆಯಂತೆ. ಮಾತು ಬೇರೆ ಯಾವುದೋ ರಾಜ್ಯದ ಕೋಣೆಯಿಂದ ಕಿವಿಗೆ ಬರುತ್ತದೆ, ಹಿಂದಿಯಲ್ಲಿ. ಒಳ್ಳೆಯದೇ ಇರಬಹುದು. ಆದರೆ ಆ ಕೋಣೆಯವನಿಗೆ ನಿಮ್ಮ ಮನೆಯ ಎಮ್ಮೆಯ ಸುದ್ದಿ ಗೊತ್ತಿಲ್ಲ. ಕೆಳಗೆ ನಿಮ್ಮವನೊಬ್ಬ ನಿಂತಿರಲಿ, ಮಾತಾಡುತ್ತಿರಲಿ. ಸಿಹಿ ಮಾತು ಬೇಡ. ಹಿಡಿಯಲು ಬರುವ ಮಾತು ಸಾಕು. ಸಮುವೇಲಣ್ಣನ ಹತ್ತಿರ ನಾನು ಕಲಿತ ಕ್ರೈಸ್ತತನ ಇಷ್ಟೇ. ಪಾದ್ರಿಗಳು ಇದಕ್ಕಿಂತ ಚೆಂದ ಹೇಳುತ್ತಾರೆ.

ಕೆಲಸ ಬಿಟ್ಟ ಮೇಲೆ ಒಂದು ದಿನ ಗಜೇಂದ್ರಗಡಕ್ಕೆ ಹೋದೆ. ಈರಪ್ಪ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದ. ಬೇಡ ಬೇಡ ಅಂದ ತೆಗ್ಗಿನಲ್ಲೇ. ಮಗಳು ನಡೆಯಲು ಕಲಿತಿದ್ದಳು, ಕೆಂಪು ಅಂಚಿನ ಬಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ಓಡಾಡುತ್ತಿದ್ದಳು. ಅವನು ಈ ಸಲ ಎದ್ದು ಹೋಗಲಿಲ್ಲ. ಕುಣಿಯ ದಂಡೆಯ ಮೇಲೆ ಕೂತೆ. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು.

“ಮೂಗು ನಂದಽ ಬಂದೈತಿ ನೋಡು,” ಅಂದ ಅವನೇ.

“ಹೌದಲೇ. ಕಷ್ಟ ಐತಿ.”

ತುಸು ನಕ್ಕ. ಲಾಳಿ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ, ನೂಲು ನೋಡುತ್ತಾ ಹೇಳಿದ.

“ಎಲ್ಲಾರಿಗೂ ಆಕಿ ಫೋನ್ ಬಂದಾಗ ಸತ್ಲು. ನಿನಗೂ. ನನಗ ಮಾತ್ರ ಏಣಿ ಇಳಿಯೂತನಕ ಇದ್ಲು. ಹೆಣ್ಣು ಹಡದು, ಪಂತ ಗೆದ್ದು, ಅಲ್ಲಿ ಕುಂತಿದ್ಲು.”

ಅವನು ಹರಿದ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ಗಂಟು ಹಾಕಿದ. ಗಂಟು ಕೂತಿತೋ ಇಲ್ಲವೋ ಅಂತ ಎಳೆದು ನೋಡಿದ.

“ಆ ಏಣಿ,” ಅಂದ, “ಇನ್ನಷ್ಟು ಉದ್ದ ಇರಬೇಕಿತ್ತಲೇ ದಾವ್ಯಾ.”